ಬಿಗಿಯುವುದಷ್ಟೇ ಬಲ್ಲ ತಂತಿ

ನಾನು ಒಂದು ಕ್ಲಚ್ ವೈರ್. ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನು ಜಡೆಯಂತೆ ಹೆಣೆದು ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಸುಮಾತ್ರಾ ದ್ವೀಪದ ಶಾಫ್ರಿಲ್ ಎಂಬ ರೈತನ ಬೈಕಿನಲ್ಲಿ ಹಲವು ಮಳೆಗಾಲ ದುಡಿದೆ. ಬೈಕು ಗುಜರಿಗೆ ಹೋದರೂ ನಾನು ಹೋಗಲಿಲ್ಲ. ಶಾಫ್ರಿಲ್ ಏನನ್ನೂ ಎಸೆಯುವ ಆಸಾಮಿಯಲ್ಲ. ನನ್ನ ಒಂದು ತುದಿಯನ್ನು ಕುಣಿಕೆ ಮಾಡಿ ಹಂದಿ ಹಿಡಿಯುವ ಉರುಲಾಗಿಸಿದ. ಅಂದಿನಿಂದ ನನಗೆ ಗೊತ್ತಿರುವ ವಿದ್ಯೆ ಒಂದೇ, ಎಳೆದಷ್ಟೂ ಬಿಗಿಯುವುದು. ಸಡಿಲವಾಗುವುದು ನನಗೆ ಬಾರದು.

ಆ ಊರಿನ ಸುತ್ತಲ ಮಳೆಕಾಡು ವರ್ಷವರ್ಷವೂ ಸವೆದು ತಾಳೆ ಎಣ್ಣೆಯ ತೋಟವಾಗುತ್ತಿತ್ತು. ಉಳಿದ ತುಂಡು ಕಾಡಿನಲ್ಲೇ ಹಂದಿ, ಜಿಂಕೆ, ಹುಲಿ ಎಲ್ಲವೂ ಇಕ್ಕಟ್ಟಿನಲ್ಲಿ ಬದುಕಬೇಕು. ಆ ದ್ವೀಪದ ಹುಲಿ ಬೇರೆಲ್ಲೂ ಇಲ್ಲ, ಅಲ್ಲೂ ಕೆಲವೇ ಉಳಿದಿವೆ. ಊರವರು ಅದನ್ನು ಹುಲಿ ಎನ್ನುವುದಿಲ್ಲ, ಅಜ್ಜ ಎನ್ನುತ್ತಾರೆ. ಹಲಸಿನಂತೆ ಮೈಯೆಲ್ಲ ಮುಳ್ಳಿರುವ ದುರಿಯನ್ ಹಣ್ಣಿನ ಕಾಲ ಬಂದಾಗ, ಮೊದಲು ಬಿದ್ದ ಹಣ್ಣನ್ನು ಬಿಡಿಸಿ ಅಜ್ಜನಿಗೆಂದು ಕಾಡಂಚಿನ ಮರದ ಬುಡದಲ್ಲಿಡುತ್ತಾರೆ. ಶಾಫ್ರಿಲ್‌ನ ಹೆಂಡತಿ ನಿಯಾರ್ ಆ ವರ್ಷವೂ ಭಕ್ತಿಯಿಂದ ಇಟ್ಟುಬಂದಳು. ಅದೇ ಮರದ ಇನ್ನೊಂದು ಮಗ್ಗುಲಲ್ಲಿ, ಹಣ್ಣಿನಾಸೆಗೆ ಬರುವ ಹಂದಿಗಾಗಿ ಗಂಡ ನನ್ನನ್ನು ಬೇರಿಗೆ ಕಟ್ಟಿ ಎಲೆ ಮುಚ್ಚಿದ್ದ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಗಂಡಹೆಂಡಿರು ಮಾತಾಡದಿದ್ದರೆ ಏನಾಗುತ್ತದೆಂದು ನನ್ನನ್ನು ಕೇಳಿ.

ಬೆಳಗಾಗುವ ಹೊತ್ತಿಗೆ ನನ್ನ ಕುಣಿಕೆಗೆ ಒಂದು ಮುಂಗಾಲು ಬಿತ್ತು. ಹಂದಿಯ ಗೊರಸಲ್ಲ, ಅಗಲವಾದ ಮೆತ್ತನೆಯ ಪಂಜ. ಹುಲಿ ಎಳೆಯಿತು, ನಾನು ಬಿಗಿದೆ. ಗರ್ಜಿಸಿ ಮತ್ತೆ ಎಳೆಯಿತು, ಮತ್ತೆ ಬಿಗಿದೆ. ಸುಮ್ಮನಿರಪ್ಪಾ, ಎಳೆಯಬೇಡ ಎಂದು ಅಂಗಲಾಚಬೇಕೆನಿಸಿತು. ನನ್ನ ಇನ್ನೊಂದು ತುದಿ ಬೇರಿನಲ್ಲಿತ್ತು, ನಾನೂ ಸಿಕ್ಕಿಬಿದ್ದವನೇ. ಆದರೆ ರಕ್ತ ಹರಿದದ್ದು ಅದರದು.

ಸದ್ದು ಕೇಳಿ ಇಬ್ಬರೂ ಓಡಿಬಂದರು. ಶಾಫ್ರಿಲ್ ದೂರದಲ್ಲೇ ಹೆಂಡತಿಯನ್ನು ತಡೆದು ನಿಲ್ಲಿಸಿದ.

"ಅರಣ್ಯದವರಿಗೆ ಹೇಳ್ಬೇಡ ಕಣೇ, ಜೈಲಿಗೆ ಹಾಕ್ತಾರೆ. ತಾನೇ ಕಿತ್ಕೊಂಡು ಹೋಗುತ್ತೆ, ಇವತ್ತೊಂದಿನ ನೋಡೋಣ."

"ಕರೆದು ಹಣ್ಣಿಟ್ಟೋಳು ನಾನು, ಕಾಲಿಗೆ ಉರುಲು ಹಾಕಿದೋರು ನೀವು. ಇನ್ನೇನು ನೋಡೋದಿದೆ?" ಎಂದು ನಿಯಾರ್ ಅತ್ತಳು.

ಅತ್ತರೂ ಆ ದಿನ ಅವಳು ಹೋಗಲಿಲ್ಲ. ಗಂಡನ ಜೈಲಿನ ಭಯ ಅವಳನ್ನೂ ಕಟ್ಟಿಹಾಕಿತ್ತು. ಮರುದಿನ ಹುಲಿಯ ದನಿ ಕೇಳದಾದಾಗ ಎದೆಯೊಡೆದು ಅರಣ್ಯದ ಚೌಕಿಗೆ ಓಡಿದಳು. ಕಾಡುಪ್ರಾಣಿಗಳ ಡಾಕ್ಟರ್ ಯೆನ್ನಿ ಬಂದು, ದೂರದಿಂದಲೇ ಮದ್ದಿನ ಸೂಜಿ ಹೊಡೆದು ಹುಲಿಯನ್ನು ಮಲಗಿಸಿ, ನನ್ನನ್ನು ಕತ್ತರಿಸಿ ಬಿಡಿಸಿದರು.

"ಹೆಣ್ಣು ಹುಲಿ ಇದು. ನಿನ್ನೆನೇ ಕರೆದಿದ್ರೆ ಪಂಜ ಉಳೀತಿತ್ತು" ಎಂದರು. ಶಾಫ್ರಿಲ್‌ನನ್ನು ಅಂದೇ ಹಿಡಿದೊಯ್ದರು.

ಈಗ ನಾನು ಕಾಡಿನ ಪಕ್ಕದ ರಕ್ಷಣಾ ಕೇಂದ್ರದಲ್ಲಿ, ಗೋಡೆಯ ಮೊಳೆಯೊಂದಕ್ಕೆ ನೇತಾಡುತ್ತಿದ್ದೇನೆ. ಉರುಲು ಎಂದರೇನೆಂದು ಬಂದವರಿಗೆ ತೋರಿಸಲು ಇಟ್ಟುಕೊಂಡಿದ್ದಾರೆ. ಬೇಗ ತುಕ್ಕು ಹಿಡಿದರೆ ಸಾಕಪ್ಪಾ ಎನಿಸುತ್ತದೆ. ಎದುರಿಗೇ ಹುಲಿಯ ಪಂಜರ. ಅದು ಕುಂಟುವುದನ್ನು ನೋಡದೆ ನನಗೆ ಗತಿಯಿಲ್ಲ.

ಮೊನ್ನೆ ನಿಯಾರ್ ಬಂದಿದ್ದಳು. ಹೆಣ್ಣಾದರೂ ಅವಳಿಗೆ ಅದು ಅಜ್ಜನೇ. ಪಂಜರದ ಮುಂದೆ ತಲೆ ತಗ್ಗಿಸಿ ನಿಂತು, ತಪ್ಪಾಯಿತೆಂದು ಬೇಡಿಕೊಂಡಳು. ಆಮೇಲೆ ಡಾಕ್ಟರ್ ಕಡೆ ತಿರುಗಿದಳು.

"ಅಜ್ಜನ್ನ ಯಾವಾಗ ಕಾಡಿಗೆ ಬಿಡ್ತೀರಿ?"

"ಮೂರು ಕಾಲಲ್ಲಿ ಬೇಟೆಯಾಡೋಕಾಗಲ್ಲಮ್ಮ. ಇನ್ನು ಸಾಯೋವರೆಗೂ ಇಲ್ಲೇ."

ಹುಲಿ ಕಾಡಿನ ಕಡೆಯ ಬಾಗಿಲಿಗೆ ಮೂತಿ ಒತ್ತಿಕೊಂಡು ಕಾಯುತ್ತ ಮಲಗಿತ್ತು. ನಿಯಾರ್ ಅದರತ್ತ ಕೈ ತೋರಿಸಿದಳು.

"ಇನ್ನು ಇಲ್ಲೇ ಅಂತ ಅಜ್ಜನಿಗೆ ಯಾರು ಹೇಳ್ತೀರಿ?"