ಪ್ಲಾಸಿಡಣ್ಣನ ಕಾರ್ಡು ಎಲ್ಲಿಯವರೆಗೆ?

ಗಲ್ಫಿನ ಹಾಯಿಲ್ ಪೇಟೆಯಿಂದ ದೂರದ ಆಲೂಗಡ್ಡೆ ಫಾರ್ಮಿನಲ್ಲಿ ಪ್ಲಾಸಿಡ್ ಸ್ಟೋರ್‌ಕೀಪರ್. ಇಪ್ಪತ್ತೇಳು ವರ್ಷವಾಯಿತು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಸಕ್ಕರೆ ಕಾಯಿಲೆ ಹಳೆಯದು.

ಶುಕ್ರವಾರ ಮಧ್ಯಾಹ್ನ ಕ್ಲಿನಿಕ್ಕಿನ ನರ್ಸ್, ಉಳ್ಳಾಲದ ಮಸೂದಾ, ಮನೆಗೆ ಬಂದಾಗ ಪ್ಲಾಸಿಡ್ ಬೂಟು ಬಿಚ್ಚಲೂ ಮನಸ್ಸಿಲ್ಲದೆ ಕುಳಿತಿದ್ದರು.

"ರಜೆಗೆ ಹೋಗ್ಲಿಕ್ಕುಂಟು. ಆರು ತಿಂಗಳ ಮಾತ್ರೆ ಬರೆಸಿ ಕೊಡು ಮಾರಾಯ್ತಿ."

"ಸೂಟ್‌ಕೇಸಲ್ಲಿ ಬಟ್ಟೆಗೆ ಜಾಗ ಉಂಟಾ?"

"ಬಟ್ಟೆ ಎಂತಕ್ಕೆ? ಇವರದ್ದು ನಡೆದಾಡುವ ಮೆಡಿಕಲ್ ಶಾಪು," ಎಂದರು ಹೆಂಡತಿ ಎವ್ಲಿನ್.

"ಊರಲ್ಲಿ ನಿಮ್ಮ ಡಾಕ್ಟರ್ ಯಾರು, ಪ್ಲಾಸಿಡಣ್ಣ?"

ಪ್ಲಾಸಿಡ್ ಯೋಚಿಸಿದರು. ಯಾರೂ ಇರಲಿಲ್ಲ. ಪ್ರತಿ ರಜೆಗೂ ಇಲ್ಲಿಂದಲೇ ಮಾತ್ರೆ ಹೊತ್ತೊಯ್ಯುತ್ತಿದ್ದುದರಿಂದ ಅಲ್ಲಿ ಅವರ ಹೆಸರಿನ ಒಂದು ಆಸ್ಪತ್ರೆ ಚೀಟಿಯೂ ಆಗಿರಲಿಲ್ಲ.

"ನಾನು ನಿವೃತ್ತಿ ಆದ ಮೇಲೂ ಇಲ್ಲೇ ಇರುವವ. ಕಂಪೆನಿಯ ಆರೋಗ್ಯ ವಿಮೆ ಕಾರ್ಡ್ ತೋರಿಸಿದರೆ ಮದ್ದು ಎಲ್ಲ ಆಗ್ತದೆ. ನನ್ನನ್ನು ಕೆಲಸಕ್ಕಿಟ್ಟ ಕಫೀಲ್ ನಬೀಲ್ ಸಾಹೇಬರೇ 'ಇರು' ಹೇಳಿದ್ದಾರೆ."

"ಸಾಹೇಬರು ಒಳ್ಳೆಯವರೇ. ಆದರೆ ಕಾರ್ಡ್ ಅವರ ಒಳ್ಳೆತನದ್ದಲ್ಲ, ನಿಮ್ಮ ಕೆಲಸದ್ದು. ಕೆಲಸ ಹೋದರೆ ಇಲ್ಲಿರುವ ಪರ್ಮಿಟ್ಟು, ಇಕಾಮಾ, ಹೋಗ್ತದೆ. ಕಾರ್ಡೂ ಹೋಗ್ತದೆ. ಪಿಂಚಣಿ ನಮಗಿಲ್ಲ. ದುಡಿದ ವರ್ಷಗಳ ಲೆಕ್ಕದಲ್ಲಿ ಒಮ್ಮೆ ಸರ್ವಿಸ್ ಹಣ ಸಿಗ್ತದೆ, ಮುಗೀತು."

"ಆಗ ಊರಲ್ಲಿ ಆರೋಗ್ಯ ಪಾಲಿಸಿ ಮಾಡಿದರಾಯಿತು."

"ಹಳೆ ಕಾಯಿಲೆಯ ಖರ್ಚು ಕೊಡ್ಲಿಕ್ಕೆ ಪಾಲಿಸಿಯವರು ಎರಡು ಮೂರು ವರ್ಷ ಕಾಯಿಸ್ತಾರೆ. ಈಗ ಮಾಡಿದರೆ ಅದರಲ್ಲಿ ಹೆಚ್ಚಿನದ್ದು ದುಡಿಯುವಾಗಲೇ ಕಳೀತದೆ. ಆಗ ಮಾಡಿದರೆ ಮನೆಯಲ್ಲಿ ಕೂತು ಕಾಯಬೇಕು."

"ಸಕ್ಕರೆ ಉಂಟು ಅಂತ ಹೇಳದಿದ್ದರೆ?"

"ಮುಚ್ಚಿಟ್ಟರೆ ಬೇಕಾದ ದಿನ ಕೈಯೆತ್ತಿಬಿಡ್ತಾರೆ."

ಎವ್ಲಿನ್ ಮೆಲ್ಲಗೆ ಹೇಳಿದರು: "ನನಗೆ ಇಲ್ಲಾದರೂ ಆಯಿತು, ಅಲ್ಲಾದರೂ ಆಯಿತು. ಇವರು ಬಿದ್ದರೆ ಯಾವ ಬಾಗಿಲು ಬಡಿಯುವುದು ಅಂತ ಗೊತ್ತಿರಬೇಕು, ಅಷ್ಟೇ."

ಪ್ಲಾಸಿಡ್ ಬಗ್ಗಿ ಬೂಟು ಬಿಚ್ಚತೊಡಗಿದರು. "ಇದು ಹತ್ತು ವರ್ಷ ಮೊದಲೇ ಮಾಡಬೇಕಿತ್ತು."

"ಹೌದು. ಆಗ ಮಾಡಲಿಲ್ಲ. ಈಗ ಮಾಡುವ."

ಭಾನುವಾರ ಅವರು ಆಫೀಸಿನಲ್ಲಿ ಬರೆದು ಕೇಳಿದರು. ಕಾರ್ಡು ಕೆಲಸದೊಂದಿಗೇ ಮುಗಿಯುತ್ತದೆ ಎಂದು ಉತ್ತರ ಬಂತು. ಆ ರಜೆಯಲ್ಲಿ ಮೊದಲ ಬಾರಿಗೆ ಮಂಗಳೂರಿನಲ್ಲಿ ಡಾಕ್ಟರರನ್ನು ಕಂಡರು. ಸಕ್ಕರೆ ಕಾಯಿಲೆಯನ್ನು ಬರೆಸಿಯೇ ಇಬ್ಬರ ಹೆಸರಿನಲ್ಲೂ ಪಾಲಿಸಿ ಮಾಡಿಸಿದರು. ಕೆಲಸ ಮುಗಿದ ಮೇಲೆ ಊರಿಗೇ ಮರಳುವುದೆಂದು ಅಲ್ಲಿಯೇ ನಿಶ್ಚಯಿಸಿದರು.

ಗಲ್ಫಿನಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನೀವು ದಣಿದಿದ್ದೀರಿ, ಗೊತ್ತು. ಆದರೂ ಈ ವಾರ ಆಫೀಸಿನಲ್ಲಿ ಒಂದು ಮಾತು ಕೇಳಿ: ಕೆಲಸ ಬಿಟ್ಟ ಮರುದಿನ ನನ್ನ ಕಾರ್ಡು ನಡೆಯುತ್ತದೆಯೇ? ಉತ್ತರವನ್ನು ಬರೆಸಿಕೊಳ್ಳಿ. ಕಾಯಿಲೆ ಮುಚ್ಚಿಡದೆ ಊರಿನಲ್ಲಿ ಪಾಲಿಸಿ ಮಾಡಿಸಿ. ಕಾಯುವ ವರ್ಷಗಳನ್ನು ಸಂಬಳ ಬರುವಾಗಲೇ ಕಾದು ಮುಗಿಸಿ.