ಸದ್ದಿಲ್ಲದ ಪಾಠ

ಉಸಿರು ನಿಂತ ತಮ್ಮನ ಎದೆಯ ಮೇಲೆ ತಲೆಯಿಟ್ಟು ಅಕ್ಕ ಮತ್ತೊಮ್ಮೆ ದನಿ ತೆಗೆಯುವಷ್ಟರಲ್ಲಿ ಅವನ ಹೆಂಡತಿ ಬಂದು ಭುಜ ಮುಟ್ಟಿದಳು.

"ಅಕ್ಕಾ, ಸ್ವಲ್ಪ ಹೊರಗೆ ಬನ್ನಿ."

"ಅಳೋಕೂ ಬಿಡಲ್ವೇನೇ?"

ಅಕ್ಕನದು ಸಣ್ಣ ಗಂಟಲಲ್ಲ. ಅವಳು ಒಳಗೆ ಕೆಮ್ಮಿದರೆ ಬೀದಿ ಕೊನೆಯ ಅಂಗಡಿಯವನು 'ಏನು ಬೇಕಿತ್ತು' ಅಂತ ಕೇಳುತ್ತಾನೆ ಎಂದು ತಮ್ಮನೇ ನಗೆಯಾಡುತ್ತಿದ್ದ. ತಾಯಿ ಹೋದಾಗ ಅವನಿಗಿನ್ನೂ ಹಾಲುಹಲ್ಲು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಈ ದಿನ ಬಾಯಿಬಿಟ್ಟು ಅಳುವುದು ಅವಳ ಹಕ್ಕು.

ಗೇಟಿನಾಚೆ, ಎದುರು ಗೋಡೆಗೆ ಬೆನ್ನು ಹಚ್ಚಿ ಒಬ್ಬ ದಪ್ಪನೆಯ ಗಂಡಸು ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಗಡ್ಡದಲ್ಲಿ ಆಗಲೇ ನರೆ. ಪಕ್ಕದಲ್ಲಿ ಅವನ ತಾಯಿ, ಬಟ್ಟೆ ಹೊಲಿಯುವಾಕೆ.

"ಮೇಷ್ಟ್ರನ್ನ ನೋಡ್ಬೇಕು ಅಂತ ಬಂದಿದಾನಮ್ಮ. ಸದ್ದಿಗೆ ಹೆದರಿ ಒಳಗೆ ಬರೋಕಾಗ್ತಿಲ್ಲ," ಎಂದಳಾಕೆ. "ಅವನಿಗೆ ಮಾತಿಲ್ಲ. ನಾನು ಕರ್ಕೊಂಡು ಬಂದೆ ಅಂದ್ಕೋಬೇಡಿ. ಸುದ್ದಿ ಹೇಳಿದ್ದೇ ತಡ, ಅವನೇ ನನ್ನ ಎಳ್ಕೊಂಡು ಬಂದ."

ಆ ಮುಚ್ಚಿದ ಕಿವಿಗಳನ್ನು ನೋಡಿ ಅಕ್ಕನಿಗೆ ಗುರುತು ಹತ್ತಿತು.

*

ಎಷ್ಟೋ ವರ್ಷದ ಹಿಂದೆ ಒಂದು ದಿನ ಅವಳು ತಮ್ಮ ಪಾಠ ಹೇಳುತ್ತಿದ್ದ ಶಾಲೆಗೆ ಹೋಗಿದ್ದಳು. ತರಗತಿಯಲ್ಲಿ ಕತ್ತಲು, ಗೋಡೆಯ ಮೇಲೆ ಈಜುವ ತಿಮಿಂಗಿಲ.

"ಪಾಠನೋ ಸಿನಿಮಾನೋ? ಟಿಕೆಟ್ ಎಷ್ಟು?"

ತಮ್ಮ ನಕ್ಕ. ಕಣ್ಣು ಕಾಣದ ಹುಡುಗಿಯೊಬ್ಬಳು ಸ್ಪೀಕರಿಗೆ ಕೆನ್ನೆಯಾನಿಸಿ ತಿಮಿಂಗಿಲದ ಕೂಗು ಕೇಳುತ್ತಿದ್ದಳು. ಓದು ತಡವಾಗಿ ಹತ್ತುವ ಇಬ್ಬರು ಕಂಪ್ಯೂಟರಿನ ಗುಂಡಿ ಒತ್ತಿ ಒತ್ತಿ ಅದನ್ನು ನೀರಿನ ಮೇಲಕ್ಕೆ ತಂದು ಉಸಿರಾಡಿಸುತ್ತಿದ್ದರು. ಚುರುಕಿನವರು ಅದರಷ್ಟೇ ಉದ್ದದ ಹಗ್ಗವನ್ನು ವರಾಂಡದಲ್ಲಿ ಎಳೆಯಹೋಗಿ, ಜಾಗ ಸಾಲದೆ ಅಂಗಳಕ್ಕಿಳಿದಿದ್ದರು.

ಬಾಗಿಲಿಗೆ ಬಂದ ಹೆಡ್‌ಮಾಸ್ಟರು, "ಒಂದು ಪಾಠಕ್ಕೆ ಒಂದು ತಿಂಗಳೇನ್ರೀ?" ಎಂದರು.

"ದೊಡ್ಡ ಪ್ರಾಣಿ ಸಾರ್. ನಿಧಾನಕ್ಕೆ ಹೋಗುತ್ತೆ."

ಹೊರಗೆ ಒಬ್ಬ ಹುಡುಗ ಕಿವಿ ಮುಚ್ಚಿ ಕೂತಿದ್ದ. ತಮ್ಮ ಎಲ್ಲರನ್ನೂ ಒಳಗೆ ಕರೆದು, ಸ್ಪೀಕರ್ ಆರಿಸಿ, "ಈಗ ಅವನ ಸರದಿ" ಎಂದ. ಮಕ್ಕಳು ತುಟಿ ಹೊಲಿದಂತೆ ಕೂತರು. ಹುಡುಗ ಮೆಲ್ಲಗೆ ಒಳಗೆ ಬಂದ.

"ಒಬ್ಬನಿಗೋಸ್ಕರ ಇಷ್ಟೂ ಜನ ಬಾಯಿಗೆ ಬೀಗ ಹಾಕ್ಕೋಬೇಕೇನೋ?" ಅಕ್ಕ ಪಿಸುಗುಟ್ಟಿದಳು. ಆ ಪಿಸುಮಾತಿಗೆ ಇಡೀ ತರಗತಿಯೇ ಹಿಂತಿರುಗಿ ನೋಡಿತು. ತಮ್ಮ ಗೋಡೆ ತೋರಿಸಿದ.

ಕಣ್ಣು ಕಾಣದವಳ ಅಂಗೈ ಮೇಲೆ ಪಕ್ಕದ ಹುಡುಗಿ ಬೆರಳಿನಿಂದ ತಿಮಿಂಗಿಲವನ್ನು ಈಜಿಸುತ್ತಿದ್ದಳು. ಗೋಡೆಯ ಮೇಲಿನದು ಹತ್ತಿರ ಬಂತು, ಇನ್ನೂ ಹತ್ತಿರ, ಕೊನೆಗೆ ಗೋಡೆಯ ತುಂಬ ಒಂದೇ ಒಂದು ಕಣ್ಣು. ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು ಅಕ್ಕನಿಗೆ. ಕೈಯಲ್ಲಿದ್ದ ಚೀಲ ನೆಲಕ್ಕಿಡುವುದನ್ನೂ ಮರೆತು ನಿಂತೇ ಇದ್ದಳು.

*

ಅಕ್ಕ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರೂ ಸದ್ದು ಮಾಡ್ಬೇಡಿ. ಅಳು ಬಂದ್ರೆ ನುಂಗ್ಕೊಳ್ಳಿ. ಆ ಫ್ಯಾನ್ ಆರಿಸ್ರೋ."

"ಸಾವಿನ ಮನೇಲಿ ಅಳಬಾರದು ಅಂದ್ರೆ ಹೇಗಮ್ಮ?" ಎಂದರು ಚಿಕ್ಕಪ್ಪ.

"ನಾನೇ ಸುಮ್ಮನಾದೆ, ಚಿಕ್ಕಪ್ಪ. ನಿಮ್ಮದೇನು?"

ಚಿಕ್ಕಪ್ಪನೇ ಎದ್ದು ಫ್ಯಾನ್ ಆರಿಸಿದರು.

ಕಿವಿ ಮುಚ್ಚಿ ನಿಂತಿದ್ದವನು ಒಳಗೆ ಬಂದ. ಬಾಗಿ, ಮೇಷ್ಟ್ರ ಮುಖವನ್ನು ಬಲು ಹತ್ತಿರದಿಂದ, ಬಲು ಹೊತ್ತು ನೋಡಿದ. ತುಂಬಿದ ಮನೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಕ್ಕ ಸೆರಗು ಕಚ್ಚಿ ಅಳು ತಡೆದಳು.

ಹೆಗಲು ಕೊಡುವವರು ದೇಹವನ್ನೆತ್ತಿದಾಗ ಅವನೂ ಜೊತೆಗೆ ಹೊರಟ. ಬೀದಿಗೆ ಬಂದದ್ದೇ ಕೈಗಳು ಮತ್ತೆ ಕಿವಿಗೆ ಹೋದವು. ಅಕ್ಕ ದಾಪುಗಾಲಿಟ್ಟು ಎಲ್ಲರ ಮುಂದಾದಳು. ಒಂದು ಕೂಗಿಗೆ ಸಂತೆಯನ್ನೇ ನಿಲ್ಲಿಸಬಲ್ಲವಳು ಬರಿಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ನಡೆದಳು. ತರಕಾರಿಯವನ ಕೂಗು ನಡುವೆಯೇ ನಿಂತಿತು. ಸ್ಕೂಟರಿನವನು ಎಂಜಿನ್ ಆರಿಸಿ ತಳ್ಳಿಕೊಂಡು ಬದಿಗೆ ಸರಿದ. ಕಮ್ಮಾರ ಎತ್ತಿದ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಏಕೆಂದು ಯಾರೂ ಕೇಳಲಿಲ್ಲ. ಸದ್ದು ಅಂಗಡಿಯಿಂದ ಅಂಗಡಿಗೆ ಆರುತ್ತಾ ಹೋಗಿ, ಕೊನೆಗೆ ಕಾಲುಗಳು ನೆಲ ಮುಟ್ಟುವುದಷ್ಟೇ ಕೇಳುತ್ತಿತ್ತು.

ವೃತ್ತದಲ್ಲಿ ಬಸ್ಸೊಂದು ಅಡ್ಡ ಬಂದು ನಿಂತಿತು. ಡ್ರೈವರ್ ಎಂಜಿನ್ ಆರಿಸಿದ. ಕಂಡಕ್ಟರ್ ತುಟಿಗಿಟ್ಟ ಸೀಟಿಯನ್ನು ಊದದೆ ಜೇಬಿಗಿಳಿಸಿದ. ಕಿಟಕಿಗಳ ತುಂಬ ಮುಖಗಳು ಒಂದೇ ಕಡೆ ತಿರುಗಿ, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದವು.