ಹೆಬ್ಬೆರಳ ಬುಡದ ಸೂಜಿ

ಇದನ್ನು ಹೇಳಲು ನನಗೆ ಅರ್ಹತೆ ಇದೆಯೇ ಎಂಬ ಅಳುಕು ಇನ್ನೂ ಹೋಗಿಲ್ಲ. ನಾನು ಎಂಜಿನಿಯರ್ ಅಲ್ಲ. ಹಗಲೆಲ್ಲ ಪುರಸೈವಾಕ್ಕಂನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು, ಸಂಜೆ ರೇಡಿಯೋ ತರಗತಿಗೆ ಹೋಗಿ ಎರಡು ವರ್ಷ ಕಲಿತವನು. ತಿಳಿದವರಿಗೆ ತಪ್ಪು ಕಂಡರೆ ಕ್ಷಮಿಸಬೇಕು. ಆದರೆ ಆ ಕೋಣೆಯಲ್ಲಿ ನಡೆದದ್ದನ್ನು ಡಾಕ್ಟರು ಹೇಳಲಾರರು, ಅಕ್ಕ ಹೇಳುವುದಿಲ್ಲ. ಉಳಿದವನು ನಾನು.

ಐವತ್ತೆಂಟನೇ ಇಸವಿ. ಭಾವ ಮುರುಗೆಪ್ಪ ತೀರಿಕೊಂಡ ಮೇಲೆ ಅಕ್ಕ ಜಯದೇವಿ ನನ್ನ ಮನೆಯಲ್ಲೇ ಇದ್ದು ಬೀದಿಯ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಯಾರ ಹಂಗೂ ಬೇಡವೆಂದು ಆ ಕೆಲಸ ಹಿಡಿದವಳು. ಒಂದು ದಿನ ಯಂತ್ರದ ಸೂಜಿ ಮುರಿದು, ತುಂಡು ಅವಳ ಬಲಗೈ ಹೆಬ್ಬೆರಳ ಬುಡದೊಳಗೆ ಹೋಯಿತು.

ಕೀಲ್ಪಾಕ್‌ನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಮಧ್ವರಾಜರು ಎಕ್ಸ್‌ರೇ ತೆಗೆದರು. ಸೂಜಿ ಬಿಳಿ ನೂಲಿನಂತೆ ಸ್ಪಷ್ಟವಾಗಿ ಕಂಡಿತು. ಕೊಯ್ದು ನೋಡಿದರೆ ಅಲ್ಲಿರಲಿಲ್ಲ. ಚಿತ್ರ ಚಪ್ಪಟೆ, ಕೈ ಚಪ್ಪಟೆಯಲ್ಲ, ಮಾಂಸ ಅಲುಗಿದರೆ ಸೂಜಿಯೂ ಸರಿಯುತ್ತದೆ ಎಂದರು. ಹೊಲಿಗೆ ಹಾಕಿ ಕಳಿಸಿದರು. ನಾಲ್ಕು ದಿನಕ್ಕೆ ಕೈ ಊದಿತು. ಸೂಜಿ ಬೇಗ ಹೊರಬಾರದಿದ್ದರೆ ಆ ಕೈ ಹೊಲಿಗೆಗೆ ಒದಗುವುದು ಕಷ್ಟ ಎಂದು ನನ್ನನ್ನು ಹೊರಗೆ ಕರೆದು ತಿಳಿಸಿದರು.

ಆಗ ನಾನು ನನ್ನ ಲೋಹ ಹುಡುಕುವ ಯಂತ್ರದ ಮಾತೆತ್ತಿದೆ. ಅದು ನನ್ನ ಆವಿಷ್ಕಾರವಲ್ಲ. ಯುದ್ಧದಲ್ಲಿ ನೆಲದೊಳಗಿನ ಸಿಡಿಮದ್ದು ಹುಡುಕಲು ಬಳಸುತ್ತಿದ್ದರಂತೆ. ಒಳಗೆ ಎರಡು ಕಂಪನಗಳು ಹುಟ್ಟುತ್ತವೆ. ಎರಡೂ ಸರಿಸಮವಾದಾಗ ಏನೂ ಕೇಳಿಸುವುದಿಲ್ಲ. ಕೈಯಲ್ಲಿ ಹಿಡಿಯುವ ತಂತಿಸುರುಳಿಯ, ಅಂದರೆ ಕಾಯಿಲಿನ, ಹತ್ತಿರ ಲೋಹ ಬಂದರೆ ಒಂದು ಸರಿದು, ಆ ವ್ಯತ್ಯಾಸವೇ ಕೂಗಾಗಿ ಸ್ಪೀಕರಿನಲ್ಲಿ ಹೊರಡುತ್ತದೆ. ಮೂರ್ ಮಾರ್ಕೆಟ್ಟಿನ ಹಳೆಯ ಮಿಲಿಟರಿ ಸಾಮಾನಿನಿಂದ ಅದನ್ನು ಕೂಡಿಸಿದ್ದೆ. ಪೂರ್ತಿ ಮೌನಕ್ಕೆ ತಿರುಗಿಸಬೇಡ, ಸ್ವಲ್ಪ ಗುಂಯ್‌ಗುಡಲು ಬಿಡು, ಕಬ್ಬಿಣಕ್ಕೆ ಸ್ವರ ಇಳಿಯುತ್ತದೆ, ಬೆಳ್ಳಿ ತಾಮ್ರಕ್ಕೆ ಏರುತ್ತದೆ ಎಂದು ತರಗತಿಯ ಮೇಷ್ಟರು ಹೇಳಿದ್ದರು. ನನಗೆ ಮೌನವೇ ಶುದ್ಧವೆನಿಸಿತು. ಮನೆಯಲ್ಲಿ ರೊಟ್ಟಿ ಹಿಟ್ಟಿನ ಉಂಡೆಯೊಳಗೆ ಸೂಜಿ ಬಚ್ಚಿಟ್ಟು ಮೂವತ್ತು ಸಲ ಹುಡುಕಿದೆ. ಒಮ್ಮೆಯೂ ತಪ್ಪಲಿಲ್ಲ.

"ಇದರಲ್ಲಿ ಸಿಲೋನ್ ಸ್ಟೇಷನ್ ಸಿಕ್ಕುತ್ತದೋ ಮಾರಾಯರೆ?" ಎಂದು ಡಾಕ್ಟರು ನಕ್ಕರು. ಆದರೂ ಒಪ್ಪಿದರು.

ನಾನು ಮರದ ಮೇಜು ಬೇಕೆಂದೆ. ಕೇಳುವ ಹೊತ್ತಿನಲ್ಲಿ ಚಾಕು ಚಿಮಟಗಳನ್ನು ದೂರವಿಡಬೇಕೆಂದೆ. ನರ್ಸ್ ಸೀತಾಳ ಸೆರಗಿನ ಪಿನ್ನನ್ನೂ ಬಿಡಲಿಲ್ಲ. ಅಕ್ಕನ ಕಿವಿಯೋಲೆ ಬಿಚ್ಚಿಸಿದೆ. ಕೊನೆಗೆ ಉಳಿದದ್ದು ಅವಳ ಎದೆಯ ಮೇಲಿನ ಬೆಳ್ಳಿಯ ಕರಡಿಗೆ, ಇಷ್ಟಲಿಂಗವಿರುವ ಡಬ್ಬಿ.

"ಕೂಸಿದ್ದಾಗಿಂದ ಮೈಮ್ಯಾಲ ಐತಿ," ಎಂದಳು. "ನಿನ್ನ ಯಂತ್ರಕ್ಕ ಇದೂ ಅಡ್ಡ ಬಂತೇನು?"

ಲಿಂಗ ಮೈಯಿಂದ ಅಗಲುವುದಿಲ್ಲ, ಬೆಳ್ಳಿಯನ್ನಷ್ಟೇ ತೆಗೆಯೋಣ ಎಂದು ಬಹಳ ಹೊತ್ತು ಬೇಡಿಕೊಂಡೆ. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಖಾಲಿ ಕರಡಿಗೆಯನ್ನು ನನ್ನ ಕೈಗೆ ಕೊಡದೆ ಸೀತಾಳಿಗೆ ಕೊಟ್ಟು ಹೊರಗಿಡಿಸಿದಳು.

ಕೈಯನ್ನಷ್ಟೇ ಮರಗಟ್ಟಿಸಿದ್ದರು. ಅಕ್ಕ ಎಚ್ಚರವಾಗಿದ್ದಳು. ನನಗೂ ನಿಲುವಂಗಿ ತೊಡಿಸಿದರು. ಯಂತ್ರವನ್ನು ಮೌನಕ್ಕೆ ತಿರುಗಿಸಿ, ರಬ್ಬರ್ ಗ್ಲೌಸಿನೊಳಗಿಟ್ಟ ಕಾಯಿಲನ್ನು ಅವಳ ಅಂಗೈ ಮೇಲೆ ಹಿಡಿದೆ. ನನ್ನ ದೃಷ್ಟಿ ಮಂದ. ಬಾಗಿ ನೋಡಿದೆ. ಸ್ಪೀಕರ್ ಕೂಗಿತು.

ಇಲ್ಲೇ ಎಂದೆ. ಡಾಕ್ಟರು ಕೊಯ್ದರು. ಏನೂ ಇರಲಿಲ್ಲ.

ಮತ್ತೆ ಹಿಡಿದೆ. ಇನ್ನಷ್ಟು ಬಾಗಿದೆ. ಕೂಗು ಇನ್ನೂ ಜೋರಾಯಿತು. ಇನ್ನೂ ಒಳಗೆ, ಬೆರಳಿನ ಕಡೆಗೆ ಎಂದೆ. ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿ ಮತ್ತೆ ಕೊಯ್ದರು. ರಕ್ತ ಒರೆಸಿದರು, ಹುಡುಕಿದರು. ಇರಲಿಲ್ಲ.

ಮೂರನೆಯ ಸಲ ಸ್ಪೀಕರಿನಿಂದ ಕೂಗು ಬರುತ್ತಿದ್ದಂತೆಯೇ ಅವರು ಅಕ್ಕನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿದರು. ಕಾಯಿಲಿನ ಕೆಳಗೆ ಈಗ ಬರಿಯ ಮರ. ಕೂಗು ನಿಲ್ಲಲಿಲ್ಲ.

"ಕೈ ಇಲ್ಲಿದೆ," ಎಂದರು. "ಹಾಗಾದರೆ ಅಲ್ಲಿ ಕೂಗುವುದು ಯಾವುದು ಮಾರಾಯರೆ?"

ವಾಲ್ವ್ ಕೆಟ್ಟಿತೇ, ಬ್ಯಾಟರಿ ಇಳಿಯಿತೇ ಎಂದು ಯೋಚಿಸುತ್ತಾ ಬಾಗಿಯೇ ನಿಂತಿದ್ದೆ. ಅಕ್ಕ ಮಲಗಿದಲ್ಲಿಂದ ನನ್ನ ಎದೆಯನ್ನು ನೋಡುತ್ತಿದ್ದಳು.

"ತಮ್ಮಾ," ಎಂದಳು. "ನಂದು ತಗಸಿದಿ. ನಿಂದು?"

ನೆಟ್ಟಗೆ ನಿಂತೆ. ಕೂಗು ನಿಂತಿತು. ಬಾಗಿದೆ. ಕೂಗಿತು. ಬಾಗಿದಾಗಲೆಲ್ಲ ನಿಲುವಂಗಿಯೊಳಗೆ ಜೋತು ಕಾಯಿಲಿನ ಹತ್ತಿರ ಬರುತ್ತಿದ್ದದ್ದು ನನ್ನ ಬೆಳ್ಳಿಯ ಕರಡಿಗೆ. ಮನೆಯಲ್ಲಿ ಹಿಟ್ಟಿನ ಉಂಡೆಯನ್ನು ದೀಪದಡಿಯ ಎತ್ತರದ ಮೇಜಿನ ಮೇಲಿಟ್ಟು ನೆಟ್ಟಗೆ ಕುಳಿತು ಹುಡುಕುತ್ತಿದ್ದೆ. ಒಮ್ಮೆಯೂ ಬಾಗಿರಲಿಲ್ಲ. ಒಂದು ಪಿನ್ನನ್ನೂ ಬಿಡದವನು ಇದನ್ನು ಮರೆತೆ ಎನ್ನಲಾರೆ. ಅದು ನನಗೆ ಎಂದೂ ಒಂದು ವಸ್ತುವಾಗಿ ತೋರಿರಲಿಲ್ಲ. ನನ್ನ ಪಕ್ಕೆಲುಬನ್ನು ಲೋಹವೆಂದು ಎಣಿಸುತ್ತಿದ್ದೆನೇ?

ಯಾರೂ ಬೈಯಲಿಲ್ಲ. ಸೀತಾ ಒಂದು ತುಂಡು ಬಟ್ಟೆ ಕೊಟ್ಟಳು. ಹೊರಗೆ ಹೋಗಿ, ಲಿಂಗವನ್ನು ಅದರಲ್ಲಿ ಕಟ್ಟಿಕೊಂಡು, ಕರಡಿಗೆಯನ್ನು ಅಕ್ಕನ ಕರಡಿಗೆಯ ಪಕ್ಕದಲ್ಲಿಟ್ಟೆ. ಕೈ ತೊಳೆದು, ಬೇರೆ ನಿಲುವಂಗಿ ತೊಟ್ಟು ಬಂದು, ಈ ಸಲ ಮೇಷ್ಟರು ಹೇಳಿದಂತೆ ಸ್ವಲ್ಪ ಗುಂಯ್‌ಗುಡಲು ಬಿಟ್ಟೆ. ಮೊದಲೇ ಹಾಗೆ ಮಾಡಿದ್ದರೆ ಸ್ವರ ಏರಿದಾಗಲೇ ಇದು ಸೂಜಿಯಲ್ಲವೆಂದು ತಿಳಿಯುತ್ತಿತ್ತು. ಕಾಯಿಲು ಮಣಿಕಟ್ಟಿನ ಕಡೆಗೆ ಅರ್ಧ ಅಂಗುಲ ಸರಿದಾಗ ಸ್ವರ ಇಳಿಯಿತು. ಡಾಕ್ಟರು ಅಲ್ಲಿ ಕೊಯ್ದರು. ಸೂಜಿ ಸಿಕ್ಕಿತು, ಜೀರಿಗೆ ಕಾಳಿಗಿಂತ ಸ್ವಲ್ಪ ಉದ್ದ, ಕಪ್ಪಾಗಿತ್ತು.

ಊತ ಇಳಿಯಿತು. ಕೈ ಉಳಿಯಿತು. ಹೆಬ್ಬೆರಳು ಮಾತ್ರ ಆಮೇಲೆ ಬಾಗಲಿಲ್ಲ. ಅಕ್ಕ ಈಗ ಬಟ್ಟೆಯನ್ನು ಅಂಗೈಯಿಂದ ತಳ್ಳಿ ಹೊಲಿಯುತ್ತಾಳೆ. ಮೊದಲು ದಿನಕ್ಕೆ ಮೂರು ರವಿಕೆ ಮುಗಿಸುತ್ತಿದ್ದವಳು ಒಂದನ್ನು ಮುಗಿಸುತ್ತಾಳೆ. ಏನಾಯಿತೆಂದು ಯಾರಾದರೂ ಕೇಳಿದರೆ ಸೂಜಿ ಚುಚ್ಚಿತು ಎನ್ನುತ್ತಾಳೆ, ಅಷ್ಟೇ.

ಎರಡು ಸಲ ಕೀಲ್ಪಾಕ್‌ಗೆ ಹೋಗಿ, ಬೆರಳು ಬಾಗದಿರಲು ಏನು ಕಾರಣವೆಂದು ಡಾಕ್ಟರನ್ನು ಕೇಳಿದೆ. ಒಂದು ಅಂಗುಲದೊಳಗೆ ಅಷ್ಟು ಗಾಯಗಳಿರುವಾಗ ಯಾವುದೆಂದು ಹೇಳುವುದು ಎಂದರು. ಬೆರಳು ಸತ್ತದ್ದು ಸೂಜಿಯಿಂದಲೋ, ಅವರ ಮೊದಲ ಕೊಯ್ತದಿಂದಲೋ, ನಾನು ಇಲ್ಲೇ ಎಂದು ತೋರಿಸಿದ ಆ ಎರಡು ಜಾಗಗಳಿಂದಲೋ, ನನಗೆ ಗೊತ್ತಿಲ್ಲ.